ಹಿತ್ತಲಲ್ಲಿ ಎರಗುವ ಹಕ್ಕಿಗಳು: ಗೂಡಿನ ದಿನಗಳನ್ನು ಪೆಟ್ಟಿಲ್ಲದೆ ಕಳೆಯುವ ಬಗೆ

ಯುಗಾದಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ತುಮಕೂರಿನ ಹಳೆಯ ಬಡಾವಣೆಗಳಲ್ಲಿ, ಅಂದರೆ ತೆಂಗು, ಮಾವು, ಹೊಂಗೆ ಮರಗಳು ಇನ್ನೂ ಉಳಿದುಕೊಂಡಿರುವ ಮನೆಗಳಲ್ಲಿ, ಪ್ರತಿವರ್ಷವೂ ಒಂದೇ ಬಗೆಯ ದೂರು ಕೇಳಿಬರುತ್ತದೆ. ಬಟ್ಟೆ ಒಣಹಾಕಲು ಹೋದವರ ತಲೆಗೆ ಕಾಗೆ ಕುಕ್ಕಿತು, ಸಂಡಿಗೆ ಇಡಲು ತಾರಸಿ ಹತ್ತಿದವರ ಬೆನ್ನ ಹಿಂದೆ ಹದ್ದು ಇಳಿಯಿತು, ಖಾಲಿ ಸೈಟಿನಲ್ಲಿ ಕ್ರಿಕೆಟ್ ಆಡುವ ಮಕ್ಕಳ ತಲೆಯ ಮೇಲೆ ಯಾವುದೋ ಉದ್ದ ಕಾಲಿನ ಹಕ್ಕಿ ಚೀರುತ್ತಾ ಸುತ್ತುತ್ತಿದೆ ಎಂದು ಜನ ಹೇಳಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಇದು ಮೊದಲು ಅನುಭವಕ್ಕೆ ಬಂದದ್ದು ಅಮ್ಮನಿಗೆ. ಬೆಳಗ್ಗೆ ಏಳರ ಸುಮಾರಿಗೆ ಕೊಡ ಹಿಡಿದು ಹಿತ್ತಲ ನಲ್ಲಿಯ ಬಳಿ ಬಗ್ಗಿದ್ದ ಅವರಿಗೆ ಮೊದಲು ಕಿವಿಯ ಪಕ್ಕ ಬೀಸಣಿಗೆ ಬೀಸಿದಂತೆ ಗಾಳಿ ತಾಗಿತು. ಅದರ ಹಿಂದೆಯೇ ಯಾರೋ ಬೆರಳ ಗೆಣ್ಣಿನಿಂದ ನೆತ್ತಿಯನ್ನು ಕುಟ್ಟಿದಂತಾಯಿತು. ತಿರುಗಿ ನೋಡುವಷ್ಟರಲ್ಲಿ ಕಾಗೆ ಕಾಂಪೌಂಡ್ ಗೋಡೆಯ ಮೇಲೆ ಕುಳಿತು, ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಿತ್ತು. ಕಾಗೆ ತಲೆ ಮುಟ್ಟಿದರೆ ಶನಿಯ ಕಾಟವೆಂದು ನಂಬುವ ಮನೆ ನಮ್ಮದು. ತಲೆಗೆ ಸ್ನಾನವಾಯಿತು, ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚಿದ್ದೂ ಆಯಿತು, ಸೋಮವಾರ ಅದೇ ನಲ್ಲಿಯ ಬಳಿ ಅದೇ ಕಾಗೆ ಮತ್ತೆ ಹೊಡೆಯಿತು. ದೀಪದ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ನಲ್ಲಿಗೆ ಸರಿಯಾಗಿ ಮೇಲೆ, ಮಾವಿನ ಕೊಂಬೆಯ ಕವಲಿನಲ್ಲಿ ಗೂಡಿದೆ ಎಂಬುದನ್ನು ಅಷ್ಟು ದಿನ ಮನೆಯವರು ಒಬ್ಬರೂ ತಲೆಯೆತ್ತಿ ನೋಡಿರಲಿಲ್ಲ.

ಈ ಹಕ್ಕಿಗಳ ಸಿಟ್ಟಿಗೆ ಎರಡು ಎಲ್ಲೆಗಳಿವೆ. ಒಂದು ಜಾಗದ ಎಲ್ಲೆ, ಗೂಡಿನಿಂದ ಇಷ್ಟು ಹೆಜ್ಜೆ ಎಂಬುದು. ಇನ್ನೊಂದು ಕಾಲದ ಎಲ್ಲೆ, ಮರಿ ಹಾರುವವರೆಗೆ ಇಷ್ಟು ದಿನ ಎಂಬುದು. ಈ ಎರಡನ್ನೂ ಅಳೆದುಕೊಂಡರೆ ಉಳಿದದ್ದೆಲ್ಲ ನಮ್ಮ ಓಡಾಟವನ್ನು ಸ್ವಲ್ಪ ಬದಲಿಸಿಕೊಳ್ಳುವ ಕೆಲಸವಷ್ಟೇ. ಹಕ್ಕಿಯನ್ನು ಬದಲಿಸಲು ಹೊರಟವರು ಸಾಮಾನ್ಯವಾಗಿ ಇನ್ನಷ್ಟು ಪೆಟ್ಟು ತಿಂದು ಬರುತ್ತಾರೆ.

ಮೊದಲ ಹೆಜ್ಜೆ: ಹಕ್ಕಿ ಯಾವುದು, ಗೂಡು ಎಲ್ಲಿ

ಮರದ ಬುಡದಲ್ಲಿ ನಿಂತು ಮೇಲೆ ನೋಡಬಾರದು. ಗೂಡಿನತ್ತ ನೆಟ್ಟ ನೋಟವೇ ಹಕ್ಕಿಗೆ ಬೆದರಿಕೆಯಾಗಿ ಕಾಣುತ್ತದೆ, ಜೊತೆಗೆ ನಮ್ಮ ಮುಖ ಮತ್ತು ಕಣ್ಣು ಅದರ ಕೊಕ್ಕಿಗೆ ಎದುರಾಗಿರುತ್ತವೆ. ಅಡುಗೆಮನೆಯ ಕಿಟಕಿಯಿಂದಲೋ ಮಹಡಿಯ ಬಾಗಿಲ ಹಿಂದಿನಿಂದಲೋ ಅರ್ಧ ಗಂಟೆ ಸುಮ್ಮನೆ ನೋಡುತ್ತಾ ಕುಳಿತರೆ, ಬಾಯಲ್ಲಿ ಆಹಾರ ಕಚ್ಚಿಕೊಂಡ ಹಕ್ಕಿ ಮತ್ತೆ ಮತ್ತೆ ಒಂದೇ ಕೊಂಬೆಗೆ ಹೋಗುವುದು ಕಾಣುತ್ತದೆ. ಗೂಡು ಇರುವುದು ಅಲ್ಲಿಯೇ. ಮೊಬೈಲಿನ ಕ್ಯಾಮೆರಾವನ್ನು ಹತ್ತಿರಕ್ಕೆ ಎಳೆದು ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ದಿನಗಳ ಲೆಕ್ಕಕ್ಕೆ ಉಪಯೋಗವಾಗುತ್ತದೆ.

ನಮ್ಮ ಜಿಲ್ಲೆಯ ಮನೆಗಳ ಸುತ್ತ ಜನರ ಮೇಲೆ ಎರಗುವವು ಮುಖ್ಯವಾಗಿ ನಾಲ್ಕು ಹಕ್ಕಿಗಳು. ಕತ್ತು ಬೂದಿ ಬಣ್ಣವಾಗಿರುವ ಊರಕಾಗೆ ಮತ್ತು ಪೂರ್ತಿ ಕಪ್ಪಾಗಿ, ಕೊಕ್ಕು ದಪ್ಪನಾಗಿರುವ ಕಾಡುಕಾಗೆ ಎರಡನ್ನೂ ಇಲ್ಲಿ ಒಂದೇ ಲೆಕ್ಕಕ್ಕೆ ಸೇರಿಸಿದ್ದೇನೆ, ಏಕೆಂದರೆ ತಲೆಗೆ ಬೀಳುವ ಪೆಟ್ಟಿನಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಎರಡನೆಯದು ಬಾಲದ ತುದಿ ಒಳಗೆ ಕವಲೊಡೆದಂತೆ ಕಾಣುವ, ಕಂದು ಬಣ್ಣದ ಹದ್ದು. ಕೋಳಿ ಅಂಗಡಿಗಳ ಮೇಲೆ ಸುತ್ತುವುದು ಇದೇ. ಮೂರನೆಯದು ಕಾಜಾಣ: ಗೊರವಂಕಕ್ಕಿಂತ ದೊಡ್ಡದಲ್ಲದ ದೇಹ, ಉದ್ದನೆಯ ಸೀಳುಬಾಲ, ಕರೆಂಟು ತಂತಿಯ ಮೇಲೆ ಕುಳಿತು ಕೀಟಗಳಿಗೆ ಕಾಯುವ ಹಕ್ಕಿ. ನಾಲ್ಕನೆಯದು ಟಿಟ್ಟಿಭ. ಇದು ಮರ ಹತ್ತುವುದೇ ಇಲ್ಲ. ನೆಲದ ಮೇಲೆ ಕಲ್ಲುಹರಳುಗಳ ನಡುವೆ ಸಣ್ಣ ತಗ್ಗು ಮಾಡಿ ಮೊಟ್ಟೆಯಿಡುತ್ತದೆ, ಹಳದಿ ಕಾಲು ಮತ್ತು ಕಣ್ಣಿನ ಮುಂದಿನ ಕೆಂಪು ತೊಗಲಿನಿಂದ ಗುರುತು ಸಿಗುತ್ತದೆ.

ಗೊರವಂಕ, ಪಿಕಳಾರ, ಸೂರಕ್ಕಿಗಳೂ ಗೂಡಿನ ಬಳಿ ಗದ್ದಲ ಎಬ್ಬಿಸುತ್ತವೆ, ಆದರೆ ಅವುಗಳಿಂದ ಮನುಷ್ಯರಿಗೆ ಗಾಯವಾಗುವ ಸಂದರ್ಭ ಬಹಳ ಅಪರೂಪ. ಅವುಗಳಿಗಾಗಿ ಈ ಲೇಖನವನ್ನು ಓದುವ ಅಗತ್ಯವಿಲ್ಲ.

ಎರಡನೆಯ ಹೆಜ್ಜೆ: ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು, ಮತ್ತು ಜನ ಮಾಡದೆ ಬಿಡುವುದೂ ಇದನ್ನೇ. ಕಾಗೆ ನಮ್ಮ ಕಡೆ ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಗೂಡು ಕಟ್ಟುತ್ತದೆ. ಕಡ್ಡಿ ಸಾಗಿಸುವಾಗ ಅದಕ್ಕೆ ನಮ್ಮ ಮೇಲೆ ಅಷ್ಟಾಗಿ ಗಮನವಿರುವುದಿಲ್ಲ. ಮೊಟ್ಟೆಗೆ 16-17 ದಿನ ಕಾವು ಕೊಡುತ್ತದೆ, ಮರಿಗಳು ಮೂರರಿಂದ ನಾಲ್ಕು ವಾರ ಗೂಡಿನಲ್ಲಿರುತ್ತವೆ. ಒಟ್ಟು ಲೆಕ್ಕ ಆರು ವಾರಗಳ ಆಸುಪಾಸು. ಈ ಆರು ವಾರವೂ ಸಿಟ್ಟು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮೊಟ್ಟೆಯ ಕಾಲದಲ್ಲಿ ಕೂಗಾಟವೇ ಹೆಚ್ಚು. ಮರಿಗಳಿಗೆ ಗರಿ ಬಲಿತು, ಅವು ಗೂಡಿನ ಅಂಚಿಗೆ ಬಂದು ನಿಲ್ಲುವ ದಿನಗಳಲ್ಲಿ ಮತ್ತು ಕೆಳಗಿನ ಕೊಂಬೆಗೆ ಹಾರಿ ಬಿದ್ದು ಎದ್ದು ಕಲಿಯುವ ಮೊದಲ ವಾರದಲ್ಲಿ ಪೆಟ್ಟು ಬೀಳುತ್ತದೆ. ಹಾಗಾಗಿ ನಿಜವಾಗಿ ಎಚ್ಚರದಿಂದ ಇರಬೇಕಾದದ್ದು ಎರಡು-ಮೂರು ವಾರ ಮಾತ್ರ. ತಾಯಿ ಕಾಗೆ ಗೂಡಿನಲ್ಲಿ ಕದಲದೆ ಕುಳಿತದ್ದನ್ನು ಮೊದಲು ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಅಲ್ಲಿಂದ ಐದನೆಯ, ಆರನೆಯ ಮತ್ತು ಏಳನೆಯ ವಾರಗಳಿಗೆ ಕೆಂಪು ಗೆರೆ ಎಳೆದರೆ ಮನೆಮಂದಿಗೆಲ್ಲ ಅರ್ಥವಾಗುತ್ತದೆ.

ಇಲ್ಲೊಂದು ಮಾತು. ಅದೇ ಗೂಡಿನಲ್ಲಿ ಕೋಗಿಲೆಯ ಮರಿಯೂ ಇರಬಹುದು. ಕೋಗಿಲೆ ತಾನು ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಅದರ ಮರಿ ಕಾಗೆಯ ಮರಿಗಿಂತ ಬೇಗ ಮೊಟ್ಟೆಯೊಡೆದು ಬರುತ್ತದೆ. ಕಾಗೆ ಅದನ್ನು ತನ್ನದೆಂದೇ ತಿಳಿದು ಅಷ್ಟೇ ಉಗ್ರವಾಗಿ ಕಾಯುತ್ತದೆ. ನಮ್ಮ ಮಾವಿನ ಮರದ ಸುತ್ತ ಮೇ ತಿಂಗಳಿಡೀ ಕೋಗಿಲೆ ಕೂಗುತ್ತಿದ್ದುದನ್ನು ನೆನೆದರೆ, ಅಮ್ಮನ ನೆತ್ತಿಗೆ ಬಿದ್ದ ಪೆಟ್ಟಿನಲ್ಲಿ ಒಂದು ಪಾಲು ಅದರ ಪರವಾಗಿಯೂ ಇದ್ದಿರಬಹುದು.

ಉಳಿದ ಹಕ್ಕಿಗಳ ಲೆಕ್ಕ ಬೇರೆ. ಹದ್ದು ದಕ್ಷಿಣದಲ್ಲಿ ಚಳಿಗಾಲದಲ್ಲಿ, ಬಹುಮಟ್ಟಿಗೆ ಜನವರಿ-ಫೆಬ್ರವರಿಯ ಹೊತ್ತಿಗೆ ಮೊಟ್ಟೆಯಿಡುತ್ತದೆ. ಕಾವಿಗೆ ಒಂದು ತಿಂಗಳು, ಆಮೇಲೆ ಮರಿ ಹಾರಲು ಆರು ವಾರಕ್ಕೂ ಹೆಚ್ಚು ಕಾಲ ಬೇಕು. ಕಾಜಾಣದ್ದು ಬೇಗ ಮುಗಿಯುತ್ತದೆ: ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಅವಧಿಯಲ್ಲಿ, ಒಂದು ಗೂಡಿಗೆ ಹೆಚ್ಚೆಂದರೆ ಐದು ವಾರ. ಟಿಟ್ಟಿಭ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಟ್ಟು, 28-30 ದಿನ ಕಾವು ಕೊಡುತ್ತದೆ. ಮೊಟ್ಟೆಯೊಡೆದ ಮರಿಗಳು ಕೋಳಿಮರಿಗಳಂತೆ ಹುಟ್ಟುತ್ತಲೇ ಓಡಾಡುವುದರಿಂದ ಆ ಜಾಗ ಬೇಗ ಖಾಲಿಯಾಗುತ್ತದೆ.

ಮೂರನೆಯ ಹೆಜ್ಜೆ: ಗೆರೆ ಅಳೆದು, ಓಡಾಟ ಬದಲಿಸುವುದು

ಛತ್ರಿ ಬಿಚ್ಚಿ ಹಿಡಿದುಕೊಂಡು ಮರದ ಕಡೆಗೆ ನಿಧಾನವಾಗಿ ನಡೆದು ಹೋಗಬೇಕು. ಒಂದು ಕಡೆ ಕಾಗೆ ದನಿ ಬದಲಿಸಿ ಒರಟಾಗಿ, ಬಿಡದೆ ಕೂಗಲು ಶುರುಮಾಡುತ್ತದೆ. ಇನ್ನೂ ಕೆಲವು ಹೆಜ್ಜೆ ಮುಂದೆ ಹೋದರೆ ಕುಳಿತ ಕೊಂಬೆಯನ್ನೇ ಕೊಕ್ಕಿನಿಂದ ಕುಟ್ಟುತ್ತದೆ, ಎಲೆ ಕಡ್ಡಿಗಳನ್ನು ಕಿತ್ತು ಬಿಸಾಡುತ್ತದೆ. ಅದೇ ಕೊನೆಯ ಎಚ್ಚರಿಕೆ, ಅಲ್ಲಿಂದ ಹಿಂದಿರುಗಬೇಕು. ಕೂಗು ಶುರುವಾದ ಜಾಗದಲ್ಲಿ ಒಂದು ಇಟ್ಟಿಗೆ ಇಟ್ಟರೆ ಗೆರೆ ಸಿದ್ಧವಾಯಿತು. ನಮ್ಮ ಹಿತ್ತಲಲ್ಲಿ ಅದು ಮಾವಿನ ಬುಡದಿಂದ ಹದಿನಾಲ್ಕು ಹೆಜ್ಜೆಯಿತ್ತು. ನಲ್ಲಿ, ಬಟ್ಟೆಯ ತಂತಿ, ಸ್ಕೂಟರು ಮೂರೂ ಆ ಗೆರೆಯ ಒಳಗೇ ಇದ್ದವೆಂಬುದು ಆಗ ತಿಳಿಯಿತು.

ನಲ್ಲಿಗೆ ಇಪ್ಪತ್ತು ಅಡಿಯ ಪೈಪು ಸಿಕ್ಕಿಸಿ ನೀರನ್ನು ಮನೆಯ ಬಾಗಿಲಿಗೇ ತಂದುಕೊಂಡೆವು, ಬಟ್ಟೆಯ ತಂತಿಯನ್ನು ಬಿಚ್ಚಿ ಮುಂದಿನ ವರಾಂಡದಲ್ಲಿ ಕಟ್ಟಿದೆವು, ಸ್ಕೂಟರನ್ನು ಬೀದಿ ಬದಿಗೆ ನಿಲ್ಲಿಸಿದೆವು. ಬದಲಿಸಲು ಬಾರದ ಕೆಲಸಗಳನ್ನು, ಉದಾಹರಣೆಗೆ ಸಂಪಿನ ಮುಚ್ಚಳ ತೆಗೆಯುವುದನ್ನು, ಕತ್ತಲಾದ ಮೇಲೆ ಇಟ್ಟುಕೊಂಡೆವು. ಹಗಲಲ್ಲಿ ಓಡಾಡುವ ಈ ಹಕ್ಕಿಗಳು ದೀಪ ಹಚ್ಚುವ ಹೊತ್ತಿಗೆ ಕುಳಿತುಬಿಡುತ್ತವೆ. ಹಾಲಿನವರು, ಗ್ಯಾಸ್ ಸಿಲಿಂಡರ್ ತರುವವರು, ಮೀಟರ್ ಓದುವವರು ಇವರಿಗೆಲ್ಲ ಗೇಟಿನ ಮೇಲೆ ರಟ್ಟಿನ ಬರಹವೊಂದನ್ನು ಕಟ್ಟುವುದು ಸೌಜನ್ಯವೂ ಹೌದು, ಅಗತ್ಯವೂ ಹೌದು. “ಒಳಗೆ ಕಾಗೆ ಗೂಡಿದೆ, ಬೆಲ್ ಒತ್ತಿ ಇಲ್ಲೇ ನಿಲ್ಲಿರಿ” ಎಂದು ನಾವು ಬರೆದದ್ದನ್ನು ಓದಿ ನಕ್ಕವರು ಹಲವರು, ಒಳಗೆ ಬಂದವರು ಯಾರೂ ಇಲ್ಲ.

ಬಟ್ಟೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಆಸ್ಟ್ರಿಯದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಅವರ ಮೇಲೆ, ಅವರೇ ಸಾಕಿದ್ದ ಜಾಕ್‌ಡಾ ಎಂಬ ಕಾಗೆಯ ಬಳಗದ ಹಕ್ಕಿಗಳು ಒಮ್ಮೆ ತಿರುಗಿಬಿದ್ದವು. ಕಾರಣ ಅವರ ಕೈಯಲ್ಲಿ ನೇತಾಡುತ್ತಿದ್ದ ಕಪ್ಪು ಈಜುಡುಗೆ. ಕೈಯಲ್ಲಿ ತೂಗಾಡುವ ಕಪ್ಪು ವಸ್ತು ಅವುಗಳ ಕಣ್ಣಿಗೆ ಹಿಡಿಯಲ್ಪಟ್ಟ ಹಕ್ಕಿಯಂತೆ ಕಾಣುತ್ತದೆ. ಒದ್ದೆಯಾದ ಕಪ್ಪು ಬಟ್ಟೆಯನ್ನು ಹಿಂಡುತ್ತಾ ಗೂಡಿನ ಕೆಳಗೆ ನಿಲ್ಲುವುದು ಆದ್ದರಿಂದ ಬೇಡ. ಸತ್ತ ಕಾಗೆಯನ್ನು ಕಂಬಕ್ಕೆ ನೇತುಹಾಕಿ ಬೆದರಿಸುವ ಉಪಾಯವಂತೂ ಈ ಕಾಲದಲ್ಲಿ ಬಡಾವಣೆಯ ಕಾಗೆಗಳನ್ನೆಲ್ಲ ನಿಮ್ಮ ಮನೆಗೇ ಕರೆದು ಸೇರಿಸುತ್ತದೆ.

ನಾಲ್ಕನೆಯ ಹೆಜ್ಜೆ: ಗೆರೆಯೊಳಗೆ ಹೋಗಲೇಬೇಕಾದಾಗ

ಹಕ್ಕಿ ಎರಗುವುದು ಹಿಂದಿನಿಂದ. ಮುಖ ತನ್ನ ಕಡೆಗಿದ್ದರೆ ಅದಕ್ಕೆ ಧೈರ್ಯ ಕಡಿಮೆ. ಆದ್ದರಿಂದ ಗೂಡಿರುವ ದಿಕ್ಕಿಗೆ ಮುಖ ಮಾಡಿಕೊಂಡು, ಆದರೆ ಗೂಡನ್ನೇ ದಿಟ್ಟಿಸದೆ, ಪಕ್ಕಪಕ್ಕಕ್ಕೆ ಹೆಜ್ಜೆಯಿಡುತ್ತಾ ದಾಟಬೇಕು. ಬಿಚ್ಚಿದ ಛತ್ರಿ ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ಸ್ಕೂಟರಿನ ಹೆಲ್ಮೆಟ್, ಅದೂ ಇಲ್ಲದಿದ್ದರೆ ಎರಡು ಸುತ್ತು ಸುತ್ತಿದ ಟವೆಲ್ಲು. ಹದ್ದಿನ ಗೂಡಿರುವಲ್ಲಿ ಟವೆಲ್ಲು ಸಾಲದು. ಕಾಗೆಯ ಪೆಟ್ಟಿಗೆ ತಲೆ ಗೀರುತ್ತದೆ ಅಥವಾ ಊದಿಕೊಳ್ಳುತ್ತದೆ, ಹದ್ದಿನ ಉಗುರಿಗೆ ಚರ್ಮ ಸೀಳುತ್ತದೆ. ಅಲ್ಲಿಗೆ ಹೆಲ್ಮೆಟ್ ಹಾಕಿಕೊಂಡೇ ಹೋಗಬೇಕು. ಕನ್ನಡಕ ಇರುವವರು ತೆಗೆಯದೆ ಹಾಗೆಯೇ ಹಾಕಿಕೊಂಡಿರುವುದು ಕಣ್ಣಿಗೆ ಕ್ಷೇಮ.

ಆಸ್ಟ್ರೇಲಿಯದಲ್ಲಿ ಮ್ಯಾಗ್‌ಪೈ ಎಂಬ ಹಕ್ಕಿ ಗೂಡಿನ ಕಾಲದಲ್ಲಿ ಸೈಕಲ್ ಸವಾರರ ಮೇಲೆ ಎರಗುವುದು ಪ್ರತಿವರ್ಷದ ಪಾಡು. ಅಲ್ಲಿನ ಜನ ಹೆಲ್ಮೆಟ್ಟಿನ ಹಿಂಭಾಗಕ್ಕೆ ದೊಡ್ಡ ಕಣ್ಣುಗಳನ್ನು ಅಂಟಿಸಿಕೊಳ್ಳುತ್ತಾರೆ. ನಾವೂ ಹಳೆಯ ಛತ್ರಿಗೆ ಬಿಳಿ ಕಾಗದದ ಎರಡು ಕಣ್ಣು ಅಂಟಿಸಿ ನೋಡಿದೆವು. ಪೆಟ್ಟು ಬೀಳಲಿಲ್ಲ, ಆದರೆ ಅದು ಕಣ್ಣಿನಿಂದಲೋ ಛತ್ರಿಯಿಂದಲೋ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಓಡಬಾರದು. ಓಡುವವರ ಬೆನ್ನು ಹಕ್ಕಿಗೆ ಗೆಲುವಿನಂತೆ ಕಾಣುತ್ತದೆ, ಮೇಲಾಗಿ ಕಾಗೆಯ ಪೆಟ್ಟಿಗಿಂತ ಹಿತ್ತಲ ಕಲ್ಲಿಗೆ ಎಡವಿ ಬಿದ್ದು ಕೈ ಮುರಿದುಕೊಂಡರೆ ಆಗುವ ನೋವು ದೊಡ್ಡದು. ಕೋಲು ಬೀಸುವುದು, ಕವಣೆ ಕಲ್ಲು, ಪಟಾಕಿ ಇವು ಯಾವುವೂ ಬೇಡ. ಇದು ಕರುಣೆಯ ಮಾತಷ್ಟೇ ಅಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಒಂದು ಮುಖವಾಡ ತೊಟ್ಟು ಅಲ್ಲಿನ ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಪಟ್ಟಿ ಹಾಕಿ ಬಿಟ್ಟರು. ಆಮೇಲೆ ವರ್ಷಗಟ್ಟಲೆ ಆ ಮುಖವಾಡ ತೊಟ್ಟು ಯಾರೇ ನಡೆದರೂ ಕಾಗೆಗಳು ಬೈದು ಅಟ್ಟಿಸಿಕೊಂಡು ಬಂದವು, ಬರಿಮುಖದವರನ್ನು ಸುಮ್ಮನೆ ಬಿಟ್ಟವು. ಆ ಕಾಗೆಯೂ ನಮ್ಮ ಕಾಗೆಯೂ ಹತ್ತಿರದ ನೆಂಟರು. ಪಕ್ಕದ ಮನೆಯ ಹುಡುಗ ಒಂದು ಕಲ್ಲು ಎಸೆದು ಮುಂದಿನ ಹದಿನೈದು ದಿನ ಟ್ಯೂಷನ್ನಿಗೆ ಹಿಂದಿನ ಬೀದಿಯಿಂದ ಸುತ್ತಿ ಹೋಗಬೇಕಾಯಿತು. ಅವನ ಜೊತೆಯವರನ್ನು ಕಾಗೆ ತಿರುಗಿಯೂ ನೋಡುತ್ತಿರಲಿಲ್ಲ.

ತೆಂಗಿನ ಮರ ಹತ್ತುವವರ ವಿಷಯ

ಈ ಭಾಗವನ್ನು ತುಮಕೂರು, ಗುಬ್ಬಿ, ತಿಪಟೂರಿನ ಕಡೆಯವರು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬಾರದು. ನೆಲದ ಮೇಲೆ ನಿಂತವರಿಗೆ ಕಾಗೆಯ ಪೆಟ್ಟು ಒಂದು ಕಿರಿಕಿರಿ, ನಲವತ್ತು ಅಡಿ ಎತ್ತರದಲ್ಲಿ ಒಂದು ಕೈಯಲ್ಲಿ ಮಚ್ಚು ಹಿಡಿದು ಇನ್ನೊಂದು ಕೈಯಲ್ಲಿ ಗರಿ ಹಿಡಿದವರಿಗೆ ಅದು ಜೀವದ ಪ್ರಶ್ನೆ. ಗೂಡು ಆ ತೆಂಗಿನಲ್ಲೇ ಇರಬೇಕೆಂದಿಲ್ಲ, ಪಕ್ಕದ ಮಾವಿನಲ್ಲಿದ್ದರೂ ಅಷ್ಟೇ. ಕಾಯಿ ಕೀಳುವವರನ್ನು ಕರೆಯುವ ಮೊದಲೇ ಫೋನಿನಲ್ಲಿ ಗೂಡಿನ ವಿಷಯ ತಿಳಿಸುವುದು ಮನೆಯವರ ಕರ್ತವ್ಯ. ನಾವು ಹೇಳಲು ಮರೆತಿದ್ದೆವು. ನಮ್ಮ ಮನೆಗೆ ಹತ್ತಾರು ವರ್ಷಗಳಿಂದ ಬರುವ ಅವರು ಬುಡದಲ್ಲಿ ನಿಂತು ಒಮ್ಮೆ ಮೇಲೆ ನೋಡಿ, ಕಾಲಿಗೆ ಹಾಕಿದ್ದ ತಳೆಯನ್ನು ಬಿಚ್ಚಿ ಸೈಕಲ್ಲಿಗೆ ಸಿಕ್ಕಿಸಿದರು. “ಕಾಯಿ ಇವತ್ತಲ್ದಿದ್ರೆ ಇನ್ನೊಂದ್ ದಿನ ಕೀಳ್ಬೋದು ಅಮ್ಮ, ಕೈ ಬಿಟ್ರೆ ಮತ್ತೆ ಹತ್ತಕ್ಕಾಗಲ್ಲ” ಎಂದು ಅಮ್ಮನಿಗೆ ಹೇಳಿ, ಕಾಫಿ ಕುಡಿದು ಹೋದರು.

ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ನಷ್ಟವೂ ಹೆಚ್ಚಿಲ್ಲ. ಸುಮಾರು 45 ದಿನಕ್ಕೊಮ್ಮೆ ಕಾಯಿ ಕೀಳಿಸುವ ಮನೆಗಳಲ್ಲಿ ಕಾಗೆಯ ಒಂದು ಗೂಡಿನ ಅವಧಿ ಒಂದು ಕೊಯ್ಲಿನ ಅವಧಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಒಂದು ಸರದಿ ಬಿಟ್ಟರೆ ಸಾಕು. ಆ ನಡುವೆ ಬಲಿತ ಕಾಯಿ ತಾನಾಗಿ ಬೀಳುವುದರಿಂದ ಮರದ ಕೆಳಗೆ ಮಕ್ಕಳು, ವಾಹನಗಳು ಇರದಂತೆ ನೋಡಿಕೊಳ್ಳಬೇಕು. ನೀರಿನ ಟ್ಯಾಂಕ್ ತೊಳೆಯುವುದು, ಸೋಲಾರ್ ರಿಪೇರಿ, ಡಿಶ್ ತಿರುಗಿಸುವುದು ಮುಂತಾಗಿ ಏಣಿ ಹತ್ತುವ ಕೆಲಸಗಳಿಗೂ ಇದೇ ನಿಯಮ.

ಹದ್ದು, ಕಾಜಾಣ, ಟಿಟ್ಟಿಭ: ಬೇರೆಬೇರೆ ಉಪಾಯ

ಹದ್ದಿನ ವಿಷಯದಲ್ಲಿ ನಮ್ಮ ಕಸವೇ ಅರ್ಧ ಕಾರಣ. ದೆಹಲಿಯಲ್ಲಿ ಹದ್ದುಗಳ ಗೂಡುಗಳನ್ನು ಅಧ್ಯಯನ ಮಾಡಿದ ಸಂಶೋಧಕರು, ಬೀದಿಯಲ್ಲಿ ಕಸ ಹೆಚ್ಚಿರುವ ಮತ್ತು ಜನ ಹದ್ದುಗಳಿಗೆ ಮಾಂಸದ ತುಣುಕು ಎಸೆಯುವ ರೂಢಿಯಿರುವ ಪ್ರದೇಶಗಳಲ್ಲಿ ಅವು ಗೂಡಿನ ಬಳಿ ಮನುಷ್ಯರ ಮೇಲೆ ಹೆಚ್ಚು ಧೈರ್ಯದಿಂದ ಎರಗುವುದನ್ನು ಕಂಡಿದ್ದಾರೆ. ಆದ್ದರಿಂದ ಕೋಳಿ, ಮೀನು ತೊಳೆದ ಕಸವನ್ನು ಖಾಲಿ ಸೈಟಿಗೆ ಎಸೆಯದೆ ಕಟ್ಟಿ ಪಾಲಿಕೆಯ ಗಾಡಿಗೆ ಕೊಡುವುದು, ತಾರಸಿಯ ಮೇಲೆ ಮಕ್ಕಳು ಕೈಯಲ್ಲಿ ತಿಂಡಿ ಹಿಡಿದು ಓಡಾಡದಂತೆ ನೋಡಿಕೊಳ್ಳುವುದು ಛತ್ರಿಯಷ್ಟೇ ಮುಖ್ಯ. ನಾಯಿ ಬೆಕ್ಕುಗಳಿಗೆ ಹೊರಗೆ ಅನ್ನ ಹಾಕುವವರು ಅವು ತಿಂದಾದ ಕೂಡಲೇ ತಟ್ಟೆ ಎತ್ತಿಡಬೇಕು. ಕಾಗೆಗೆ ದಿನವೂ ಅನ್ನವಿಡುವ ಮನೆಯವರು ಆ ಎಡೆಯನ್ನು ಗೂಡಿನ ಕೆಳಗಿನಿಂದ ಮನೆಯ ಮುಂದಿನ ಗೋಡೆಗೆ ಬದಲಿಸಿದರೆ ಸಾಕು, ಪದ್ಧತಿ ಬಿಡಬೇಕಿಲ್ಲ.

ಕಾಜಾಣ ಗಾತ್ರದಲ್ಲಿ ಸಣ್ಣದು, ಆದರೆ ಹದ್ದನ್ನೂ ಕಾಗೆಯನ್ನೂ ಆಕಾಶದಲ್ಲೇ ಕುಟ್ಟಿ ಓಡಿಸುತ್ತದೆ. ಆ ಕಾವಲಿನ ಆಸರೆಯಲ್ಲಿ ಪಿಕಳಾರ, ಬೆಳವಗಳು ಅದೇ ಮರದಲ್ಲಿ ನಿಶ್ಚಿಂತೆಯಿಂದ ಗೂಡು ಕಟ್ಟುವುದುಂಟು. ಹೊಲದಲ್ಲಿ ತೊಗರಿ, ಕಡಲೆಗೆ ಕಾಯಿಕೊರಕ ಬಿದ್ದಾಗ ಹಕ್ಕಿ ಕೂರಲೆಂದು ಕವಲುಕೋಲು ನೆಡುವುದು ಇಂಥ ಹಕ್ಕಿಗಳಿಗಾಗಿಯೇ. ಅದರ ಪೆಟ್ಟು ಮನುಷ್ಯರಿಗೆ ಗಾಯ ಮಾಡುವುದು ಕಡಿಮೆ. ಒಂದು ಟೋಪಿ ಹಾಕಿಕೊಂಡರೆ ಮುಗಿಯಿತು.

ಟಿಟ್ಟಿಭದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಅಪಾಯವಿರುವುದು ನಮಗಲ್ಲ. ಅದು ತಲೆಯ ಹತ್ತಿರಕ್ಕೆ ನುಗ್ಗಿ ಬಂದು ಚೀರಿ ಪಕ್ಕಕ್ಕೆ ಹೊರಳಿಕೊಳ್ಳುತ್ತದೆಯೇ ಹೊರತು ಸಾಮಾನ್ಯವಾಗಿ ಹೊಡೆಯುವುದಿಲ್ಲ. ಹೊಸ ಬಡಾವಣೆಗಳ ಜಲ್ಲಿ ಹರಡಿದ ಸೈಟು, ಒಮ್ಮೊಮ್ಮೆ ಹರಳು ಹಾಸಿದ ತಾರಸಿ ಕೂಡ ಅದಕ್ಕೆ ಗೂಡಿನ ಜಾಗ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆಗಳಿರುವ ಮೊಟ್ಟೆ ಎರಡು ಗಜ ದೂರದಿಂದಲೂ ಕಣ್ಣಿಗೆ ಕಾಣದು. ತುಳಿದ ಮೇಲೆಯೇ ಗೊತ್ತಾಗುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಬೀದಿಯ ಕೊನೆಯ ಸೈಟಿನಲ್ಲಿ ಒಂದು ಟಿಟ್ಟಿಭ ರಸ್ತೆ ಕಾಮಗಾರಿಗೆ ನಿಲ್ಲಿಸಿದ್ದ ನೀರಿನ ಹೊಂಡಕ್ಕೆ ಹೋಗಿ, ಹೊಟ್ಟೆಯ ಗರಿಗಳನ್ನು ಅದ್ದಿಕೊಂಡು, ತೊಟ್ಟಿಕ್ಕುತ್ತಾ ಓಡಿ ಬಂದು ಮೊಟ್ಟೆಗಳ ಮೇಲೆ ಕೂರುವುದನ್ನು ಕಂಡೆ. ಕಾದ ನೆಲದಲ್ಲಿ ಮೊಟ್ಟೆ ಬೇಯದಂತೆ ತಣಿಸುವ ಕ್ರಮ ಅದು. ಇಂಥ ಗೂಡು ಕಂಡರೆ ನಾಲ್ಕೈದು ಮೀಟರ್ ದೂರದಲ್ಲಿ ಸುತ್ತಲೂ ನಾಲ್ಕು ದಪ್ಪ ಕಲ್ಲುಗಳನ್ನಿಟ್ಟು, ಕ್ರಿಕೆಟ್ ಆಡುವ ಮಕ್ಕಳಿಗೆ ತೋರಿಸಿ ಹೇಳಬೇಕು. ಮಕ್ಕಳು ಕೇಳುತ್ತಾರೆ. ಸೈಟಿನ ಮಾಲೀಕರು ಗಿಡಗಂಟಿ ತೆಗೆಸಲು ಜೆಸಿಬಿ ಕರೆಸುವ ಯೋಚನೆಯಲ್ಲಿದ್ದರೆ ತಿಂಗಳ ಮಟ್ಟಿಗೆ ಮುಂದೂಡಲು ವಿನಂತಿಸಿಕೊಳ್ಳುವುದು ಒಳಿತು. ಗೂಡಿನ ಪಕ್ಕದಲ್ಲೇ ಕೋಲು ನೆಟ್ಟು ಬಟ್ಟೆ ಕಟ್ಟುವುದು ಬೇಡ, ಅದು ನಾಯಿಗಳಿಗೆ ದಾರಿ ತೋರಿಸಿದಂತಾಗುತ್ತದೆ.

ಐದನೆಯ ಹೆಜ್ಜೆ: ಮರಿ ಕೆಳಗೆ ಬಿದ್ದಾಗ

ಜನರಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಮರಿಯನ್ನು ಕಾಪಾಡಲು ಹೋದಾಗ. ಮೈತುಂಬ ಗರಿಯಿದ್ದು, ಬಾಲ ಮೋಟಾಗಿದ್ದು, ಬಾಯಿ ತೆರೆದರೆ ಒಳಗೆ ಕೆಂಪಗೆ ಕಾಣುವ ಕಾಗೆಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿರುವುದು. ಅದನ್ನು ಮುಟ್ಟಬೇಕಾಗಿಲ್ಲ. ನಾಯಿಯನ್ನು ಕಟ್ಟಿಹಾಕಿ, ಬೆಕ್ಕನ್ನು ಒಳಗೆ ಸೇರಿಸಿ, ಹಿತ್ತಲ ಬಾಗಿಲು ಮುಚ್ಚಿದರೆ ತಾಯಿ ತಂದೆ ತಾವೇ ಉಣಿಸಿ ಕರೆದೊಯ್ಯುತ್ತವೆ. ಬೀದಿನಾಯಿಯ ಅಪಾಯವಿದ್ದರೆ ಮಾತ್ರ ಇಬ್ಬರು ಸೇರಿ, ಒಬ್ಬರು ಛತ್ರಿ ಹಿಡಿದು ಇನ್ನೊಬ್ಬರು ಟವೆಲ್ಲು ಹೊದಿಸಿ ಮರಿಯನ್ನು ಎತ್ತಿ, ಹತ್ತಿರದ ಪೊದೆಯ ಮೇಲೋ ಕಾಂಪೌಂಡಿನ ಮೇಲೋ ಬಿಟ್ಟು ಒಂದೇ ನಿಮಿಷದಲ್ಲಿ ಒಳಗೆ ಬಂದುಬಿಡಬೇಕು. ಸಂಜೆ ಮಬ್ಬುಗತ್ತಲಲ್ಲಿ ಈ ಕೆಲಸ ಸುಲಭ.

ಗರಿ ಬಾರದ ಕೆಂಪು ಮರಿ ಬಿದ್ದಿದ್ದರೆ, ತೂತುಗಳಿರುವ ಸಣ್ಣ ಪ್ಲಾಸ್ಟಿಕ್ ಬುಟ್ಟಿಗೆ ಒಣಹುಲ್ಲು ಹಾಕಿ, ಮರಿಯನ್ನು ಅದರಲ್ಲಿಟ್ಟು, ಅದೇ ಮರದ ಕೈಗೆಟಕುವ ಕೊಂಬೆಗೆ ನೆರಳಿನಲ್ಲಿ ಕಟ್ಟಬಹುದು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ನಿಜವಲ್ಲ. ಹಾಲು, ಬ್ರೆಡ್ಡು ತಿನ್ನಿಸುವುದು, ಬಾಯಿಗೆ ನೀರು ಹಿಂಡುವುದು ಮರಿಯನ್ನು ಕೊಲ್ಲುತ್ತದೆ. ಪೆಟ್ಟಿಗೆಯಲ್ಲಿಟ್ಟು ಮನೆಯೊಳಗೆ ತಂದರಂತೂ ಬಡಾವಣೆಯ ಕಾಗೆಗಳೆಲ್ಲ ನಿಮ್ಮ ಬಾಗಿಲಲ್ಲಿ ಇರುತ್ತವೆ.

ಪೆಟ್ಟು ಬಿದ್ದರೆ

ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಕೆಲವು ನಿಮಿಷ ಚೆನ್ನಾಗಿ ತೊಳೆಯಬೇಕು. ಹಕ್ಕಿಯ ಕೊಕ್ಕು, ಉಗುರು ಕೊಳೆತದ್ದನ್ನೆಲ್ಲ ಕೆದಕಿ ಬಂದಿರುವುದರಿಂದ ಧನುರ್ವಾಯುವಿನ ಚುಚ್ಚುಮದ್ದು ಕೊನೆಯದಾಗಿ ಯಾವಾಗ ಹಾಕಿಸಿದ್ದೆಂದು ನೆನಪಿಸಿಕೊಂಡು, ಐದು ವರ್ಷ ದಾಟಿದ್ದರೆ ವೈದ್ಯರನ್ನು ಕಾಣಬೇಕು. ಅರಿಶಿನ, ಕಾಫಿಪುಡಿ ಮೆತ್ತುವುದು ಬೇಡ. ಹುಚ್ಚುನಾಯಿ ರೋಗದ ಭಯ ಅನಗತ್ಯ. ರೇಬಿಸ್ ಸಸ್ತನಿಗಳ ಕಾಯಿಲೆ, ಹಕ್ಕಿಯಿಂದ ಬರುವುದಿಲ್ಲ. ಕಣ್ಣಿಗೆ ತಾಗಿದ್ದರೆ ಮಾತ್ರ ಉಜ್ಜದೆ, ಒತ್ತದೆ, ಯಾವ ಹನಿಯನ್ನೂ ಹಾಕದೆ, ಒಂದು ಲೋಟವನ್ನು ಬೋರಲು ಹಿಡಿದಂತೆ ಮರೆ ಮಾಡಿಕೊಂಡು ಆ ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಒಂದೇ ಜಾಗದಲ್ಲಿ ಹಲವು ಕಾಗೆಗಳು ಸತ್ತು ಬಿದ್ದಿದ್ದರೆ ಅದು ಬೇರೆ ವಿಷಯ. ಹಕ್ಕಿಜ್ವರದ ಸಾಧ್ಯತೆ ಇರುವುದರಿಂದ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು.

ಕಾನೂನು ಮತ್ತು ಸಹಾಯ

ಗೂಡು ಕೀಳಿಸಿಬಿಡೋಣ ಎಂಬುದು ಎಲ್ಲರಿಗೂ ಮೊದಲು ಬರುವ ಯೋಚನೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆ ಹಾಳುಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಲಿಸುವುದು ಕೂಡ ಸೇರಿದೆ. ಊರಕಾಗೆ ಬಹುಕಾಲ ಆ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ, ಇಲಿ ಹೆಗ್ಗಣಗಳ ಸಾಲಿನಲ್ಲಿ, ಪೀಡಕ ಪ್ರಾಣಿಯೆಂದು ಸೇರಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಆ ಅನುಸೂಚಿಯೇ ಇಲ್ಲವಾಯಿತು. “ಕಾಗೆಗೆ ಕಾನೂನಿಲ್ಲ” ಎಂದು ಈಗಲೂ ಹೇಳುವವರು ಹಳೆಯ ಪುಸ್ತಕ ಓದಿದವರು. ಮರವನ್ನೇ ಕಡಿಸುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಎದುರಾಗಬಹುದು.

ಶಾಲೆಯ ಬಾಗಿಲು, ಆಸ್ಪತ್ರೆಯ ದಾರಿ, ಹಾಸಿಗೆ ಹಿಡಿದ ಹಿರಿಯರಿರುವ ಮನೆ ಮುಂತಾದ ಕಡೆ ದಾರಿ ಬದಲಿಸಲು ಸಾಧ್ಯವೇ ಇಲ್ಲದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು. ಗೂಡು ಕರೆಂಟು ಕಂಬದ ಮೇಲಿದ್ದರೆ ಯಾವ ಕಾರಣಕ್ಕೂ ದೋಟಿ ಹಾಕಬಾರದು, ಬೆಸ್ಕಾಂನ 1912ಕ್ಕೆ ತಿಳಿಸಬೇಕು. ಕಾಗೆ ಗೂಡಿಗೆ ತಂತಿಯ ತುಂಡುಗಳನ್ನು ಬಳಸುವುದರಿಂದ ಅಲ್ಲಿ ಶಾರ್ಟ್ ಆಗುವ ಅಪಾಯ ನಿಜಕ್ಕೂ ಇದೆ.

ಕೊನೆಯ ಹೆಜ್ಜೆ: ಮರಿ ಹಾರಿದ ಮೇಲೆ

ಗೂಡು ಖಾಲಿಯಾಯಿತೆಂದು ಅನಿಸಿದ ಮೇಲೂ ಎರಡು ವಾರ ಕಾಯುವುದು ಒಳ್ಳೆಯದು, ಏಕೆಂದರೆ ಹಾರಿದ ಮರಿಗಳು ಅದೇ ಮರಕ್ಕೆ ಬಂದು ಕೂಗಿ ಉಣಿಸಿಕೊಳ್ಳುತ್ತವೆ. ಆಮೇಲೆ ನಲ್ಲಿಯ ಮೇಲಿನ, ಬಾಗಿಲಿನ ಮೇಲಿನ ಕವಲುಗಳನ್ನು ಮಾತ್ರ ಸವರಿಸಿದರೆ ಮುಂದಿನ ವರ್ಷ ಗೂಡು ಮರದ ಇನ್ನೊಂದು ಮಗ್ಗುಲಿಗೆ ಹೋಗುವ ಸಂಭವ ಹೆಚ್ಚು. ಸವರಲು ಅಕ್ಟೋಬರ್-ನವೆಂಬರ್ ಸರಿಯಾದ ಕಾಲ. ಅದಕ್ಕಿಂತ ತಡಮಾಡಿದರೆ ಹದ್ದು ಗೂಡಿಗೆ ಕಡ್ಡಿ ಕೂಡಿಸಲು ಶುರುಮಾಡಿರುತ್ತದೆ, ಅದು ಹಳೆಯ ಗೂಡಿಗೇ ಮರಳಿ ಬರುವುದೂ ಉಂಟು. ಮರಕ್ಕೆ ಬಲೆ ಹೊದಿಸುವುದು, ಗಾಳಿಪಟದ ಮಾಂಜಾ ದಾರ ಕಟ್ಟುವುದು ಬೇಡವೇ ಬೇಡ, ಅದರಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಕಾಗೆಯಲ್ಲ.

ನಮ್ಮ ಮಾವಿನ ಗೂಡು ಜೂನ್ ಕೊನೆಯ ಗಾಳಿಮಳೆಗೆ ತಾನಾಗಿಯೇ ಕೆಳಗೆ ಬಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು ಬಿಡಿಸಿ ನೋಡಿದೆ. ಒಳಗಿನ ಮೆತ್ತೆ ಪೂರ್ತಿ ತೆಂಗಿನ ನಾರು. ಅದರ ಹೊರಗೆ ಬೇವಿನ ಕಡ್ಡಿ, ಪೊರಕೆಯ ಕಡ್ಡಿ, ಹಿಂದಿನ ಬೀದಿಯಲ್ಲಿ ಕಟ್ಟುತ್ತಿರುವ ಮನೆಯಿಂದ ತಂದ ಬೈಂಡಿಂಗ್ ತಂತಿಯ ತುಂಡುಗಳು ಇಪ್ಪತ್ತಕ್ಕೂ ಹೆಚ್ಚು, ಮತ್ತು ನಮ್ಮದೇ ತಂತಿಯಿಂದ ಕಳೆದುಹೋಗಿದ್ದ ಎರಡು ನೀಲಿ ಬಟ್ಟೆ ಕ್ಲಿಪ್ಪುಗಳು. ಕಡ್ಡಿ ನಾರುಗಳನ್ನು ಗೊಬ್ಬರದ ಗುಂಡಿಗೆ ಹಾಕಿದೆ. ಇಂಥ ತಂತಿಯನ್ನು ಮರದ ಬುಡದಲ್ಲೇ ಬಿಟ್ಟರೆ ಬರಿಗಾಲಿಗೆ ಚುಚ್ಚುತ್ತದೆ, ಅಥವಾ ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಮೇಲೆ ಹೋಗುತ್ತದೆ. ಹಾಗಾಗಿ ಅದನ್ನೆಲ್ಲ ಆರಿಸಿ ಗುಜರಿ ಚೀಲಕ್ಕೆ ಸೇರಿಸಿ, ಕ್ಲಿಪ್ಪುಗಳನ್ನು ತೊಳೆದು ಅಮ್ಮನಿಗೆ ಕೊಟ್ಟೆ.